ಹರಳಿನ ಲೆಕ್ಕ, ಕಲ್ಲಿನ ಸಾಕ್ಷಿ

ದಕ್ಷಿಣ ಇಟಲಿಯ ಪೊಲ್ಲಾ ಎಂಬ ಊರಿನ ಹತ್ತಿರ ಕ್ರಿಸ್ತಪೂರ್ವ 2ನೇ ಶತಮಾನದ ಒಂದು ರೋಮನ್ ಶಾಸನವಿದೆ. ಕಾಪುವಾದಿಂದ ಇಟಲಿಯ ಕಾಲ್ಬೆರಳ ತುದಿಯ ರೇಗಿಯಂವರೆಗೆ ರಸ್ತೆ ಹಾಕಿಸಿ, ಸೇತುವೆ ಕಟ್ಟಿಸಿ, ಮೈಲಿಗಲ್ಲು ನೆಡಿಸಿದ ಅಧಿಕಾರಿಯೊಬ್ಬ ತನ್ನ ಹೆಚ್ಚುಗಾರಿಕೆಯನ್ನು ಕೆತ್ತಿಸಿಕೊಂಡ ಕಲ್ಲು ಅದು. ಹೆಸರು ಉಳಿಯಲೆಂದು ಕೆತ್ತಿಸಿದ ಆ ಕಲ್ಲಿನಲ್ಲಿ ಹೆಸರಿದ್ದ ಸಾಲೇ ಕಳೆದುಹೋಗಿದೆ. ಆತ ಯಾರೆಂದು ವಿದ್ವಾಂಸರು ಇನ್ನೂ ಜಗ್ಗಾಡುತ್ತಿದ್ದಾರೆ. ಲೆಕ್ಕ ಮಾತ್ರ ಅಚ್ಚಳಿಯದೆ ನಿಂತಿದೆ: ಇಲ್ಲಿಂದ ನುಸೇರಿಯಾಕ್ಕೆ 51 ಮೈಲಿ, ಕಾಪುವಾಕ್ಕೆ 84, ಕೊಸೆಂಟಿಯಾಕ್ಕೆ 123, ವಲೆಂಟಿಯಾಕ್ಕೆ 180, ರೇಗಿಯಂಗೆ 237. ಕಾಪುವಾದಿಂದ ರೇಗಿಯಂವರೆಗಿನ ಒಟ್ಟು ದೂರ 321 ಎಂದು ಮೊತ್ತವನ್ನೂ ಕೊಟ್ಟಿದ್ದಾನೆ. ಸಿಸಿಲಿಯಲ್ಲಿ ತಾನು ಹಿಡಿದು ಒಡೆಯರಿಗೆ ಒಪ್ಪಿಸಿದ ಓಡಿಹೋದ ಗುಲಾಮರು 917 ಮಂದಿ ಎಂದೂ ಬರೆಸಿದ್ದಾನೆ. ಈಗ ಆ ಅಂಕಿಗಳನ್ನು ಹತ್ತಿರದಿಂದ ನೋಡಬೇಕು. ಐ ಎಂದರೆ ಒಂದು, ವಿ ಐದು, ಎಕ್ಸ್ ಹತ್ತು, ಎಲ್ ಐವತ್ತು, ಸಿ ನೂರು, ಡಿ ಐನೂರು, ಎಂ ಸಾವಿರ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಕಲ್ಲಿನ ಮೇಲೆ 84ಕ್ಕೆ ಎಕ್ಸ್-ಎಕ್ಸ್-ಸಿ-ಐ-ಐ-ಐ-ಐ ಎಂದಿದೆ. ನೂರರ ಹಿಂದೆ ಎರಡು ಹತ್ತು ಇಟ್ಟು ಎಂಬತ್ತು, ಮುಂದೆ ನಾಲ್ಕು ಗೀಟು. ಅದೇ ಕಲ್ಲಿನಲ್ಲಿ 180 ಬರೆಯುವಾಗ ಮಾತ್ರ ಸಿ-ಎಲ್-ಎಕ್ಸ್-ಎಕ್ಸ್-ಎಕ್ಸ್, ಅಂದರೆ ಎಂಬತ್ತಕ್ಕೆ ಐವತ್ತರ ಮುಂದೆ ಮೂರು ಹತ್ತು. ಒಂದೇ ಉಳಿ, ಒಂದೇ ಕಲ್ಲು, ಎಂಬತ್ತನ್ನು ಬರೆಯಲು ಎರಡು ರೀತಿ. 917ಕ್ಕೆ ಡಿಯ ಮುಂದೆ ಸಾಲಾಗಿ ನಾಲ್ಕು ಸಿ. ಇಂದಿನ ಐದನೇ ತರಗತಿಯ ಹುಡುಗ ಹೀಗೆ ಬರೆದುಕೊಂಡು ಬಂದರೆ ಮೇಷ್ಟರು 84ಕ್ಕೂ 917ಕ್ಕೂ ಕೆಂಪು ಗೀಟು ಎಳೆಯುತ್ತಾರೆ.

ಮೇಷ್ಟರದು ತಪ್ಪಲ್ಲ, ಪಠ್ಯಪುಸ್ತಕದ ನಿಯಮ ಹಾಗಿದೆ. ಒಂದೇ ಗುರುತನ್ನು ಮೂರಕ್ಕಿಂತ ಹೆಚ್ಚು ಸಲ ಬರೆಯಬಾರದು, ದೊಡ್ಡದರ ಹಿಂದೆ ಒಂದೇ ಚಿಕ್ಕದನ್ನು ಇಡಬೇಕು, ಐಯನ್ನು ವಿ ಮತ್ತು ಎಕ್ಸ್‌ನಿಂದ ಮಾತ್ರ ಕಳೆಯಬೇಕು, ಹೀಗೆ. ಆದರೆ ಈ ನಿಯಮಗಳು ರೋಮನ್ನರವಲ್ಲ. ಮುದ್ರಣ ಮತ್ತು ಶಾಲೆಗಳ ಕಾಲದಲ್ಲಿ, ಆ ಅಂಕಿಗಳಲ್ಲಿ ಯಾರೂ ಲೆಕ್ಕ ಬರೆದಿಡದ ದಿನಗಳಲ್ಲಿ, ಗಟ್ಟಿಯಾದ ಕಟ್ಟಳೆ ಇದು. ರೋಮಿನ ಕೊಲೋಸಿಯಂನ ಕಮಾನುಗಳ ಮೇಲೆ ಬಾಗಿಲ ಸಂಖ್ಯೆಗಳು ಇಂದಿಗೂ ಕೆಲವು ಉಳಿದಿವೆ. ಅಲ್ಲಿ 44ನೇ ಬಾಗಿಲು ಎಕ್ಸ್-ಎಲ್-ಐ-ಐ-ಐ-ಐ. ನಲವತ್ತಕ್ಕೆ ಕಳೆಯುವ ಪದ್ಧತಿ, ನಾಲ್ಕಕ್ಕೆ ಕೂಡಿಸುವ ಪದ್ಧತಿ, ಎರಡೂ ಒಂದೇ ಸಂಖ್ಯೆಯೊಳಗೆ ಜಗಳವಿಲ್ಲದೆ ಕೂತಿವೆ. ಕ್ರಿಸ್ತಶಕ 9ರಲ್ಲಿ ಜರ್ಮನಿಯ ಕಾಡಿನಲ್ಲಿ ವಾರುಸ್‌ನ ಸೇನೆಯ ಜೊತೆ ಸತ್ತ ಮಾರ್ಕಸ್ ಕೇಲಿಯಸ್ ಎಂಬ ಶತಾಧಿಪತಿಯ ಸ್ಮಾರಕ ಶಿಲೆ ಕ್ಸಾಂಟೆನ್ ಬಳಿ ಸಿಕ್ಕಿದೆ. ಅವನ ದಳದ ಸಂಖ್ಯೆ 18 ಎಂಬುದು ಅದರಲ್ಲಿ ಎಕ್ಸ್-ಐ-ಐ-ಎಕ್ಸ್. ಹತ್ತು, ಆಮೇಲೆ ಎರಡು ಕಡಿಮೆ ಹತ್ತು. ಅವನ ಭಾಷೆಯಲ್ಲಿ ಹದಿನೆಂಟಕ್ಕೆ ಹೇಳುತ್ತಿದ್ದುದೇ ‘ದುಒದೆವಿಗಿಂತಿ’, ಅಂದರೆ ಇಪ್ಪತ್ತಕ್ಕೆ ಎರಡು ಕಮ್ಮಿ. ನಮಗೇನೂ ಇದು ಹೊಸದಲ್ಲ. ಸಂಸ್ಕೃತದ ಏಕೋನವಿಂಶತಿ ಒಂದು ಊನವಾದ ಇಪ್ಪತ್ತು. ನಮ್ಮ ಒಂಬತ್ತರ ಬಾಲದಲ್ಲೇ ಹತ್ತು ಸಿಕ್ಕಿಕೊಂಡಿದೆ. ಬಸ್ ಹೊರಡುವ ಹೊತ್ತು ಕೇಳಿದರೆ ಇಂದಿಗೂ ‘ಹತ್ತಕ್ಕೆ ಐದು ನಿಮಿಷ’ ಎನ್ನುತ್ತೇವೆ. ಬಾಯಲ್ಲಿದ್ದದ್ದು ಉಳಿಗೆ ಬಂತು, ಅಷ್ಟೆ. ಪೊಲ್ಲಾದ ಎಂಬತ್ತಕ್ಕೆ ಮಾತಿನ ಬೆಂಬಲವೂ ಇಲ್ಲ. ಲ್ಯಾಟಿನ್‌ನಲ್ಲಿ ಎಂಬತ್ತನ್ನು ಯಾರೂ ‘ನೂರಕ್ಕೆ ಇಪ್ಪತ್ತು ಕಮ್ಮಿ’ ಎನ್ನುತ್ತಿರಲಿಲ್ಲ. ನಾಲ್ಕು ಗುರುತಿನ ಜಾಗದಲ್ಲಿ ಮೂರು ಹೊಡೆದರೆ ಮುಗಿಯಿತಲ್ಲ ಎಂದುಕೊಂಡ ಕಲ್ಲುಕುಟಿಗನ ಉಳಿತಾಯ ಅದು ಎಂದು ನನ್ನ ಎಣಿಕೆ.

ಇಷ್ಟು ಸಡಿಲವಾದ ಬರವಣಿಗೆಯಿಂದ ಒಂದು ಸಾಮ್ರಾಜ್ಯ ತೆರಿಗೆ ಎತ್ತಿದ್ದು, ಸೈನಿಕರಿಗೆ ಸಂಬಳ ಕೊಟ್ಟದ್ದು, ಧಾನ್ಯದ ಹಡಗುಗಳ ಲೆಕ್ಕ ಇಟ್ಟದ್ದು ಹೇಗೆ? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, ರೋಮನ್ನರು ಲೆಕ್ಕದಲ್ಲಿ ದಡ್ಡರು, ಆ ಅಂಕಿಗಳಿಂದ ಒಂದು ಗುಣಾಕಾರ ಮಾಡುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು, ಕೊನೆಗೆ ನಮ್ಮ ಸೊನ್ನೆ ಹೋಗಿ ಯುರೋಪನ್ನು ಉದ್ಧಾರ ಮಾಡಿತು ಎಂಬುದು. ಕೇಳಲು ಹಿತವಾಗಿದೆ, ಆದರೆ ಪ್ರಶ್ನೆಯೇ ತಪ್ಪಿದೆ. ರೋಮನ್ ಅಂಕಿಗಳಿಂದ ಯಾರೂ ಲೆಕ್ಕ ಮಾಡುತ್ತಿರಲಿಲ್ಲ. ಲೆಕ್ಕ ನಡೆಯುತ್ತಿದ್ದುದು ಮಣೆಯ ಮೇಲೆ, ಹರಳುಗಳಿಂದ. ಆ ಅಂಕಿಗಳ ಕೆಲಸ ಆದ ಲೆಕ್ಕವನ್ನು ಬರೆದಿಡುವುದು, ಸಾಕ್ಷಿ ನಿಲ್ಲುವುದು. ಹರಳಿಗೆ ಲ್ಯಾಟಿನ್‌ನಲ್ಲಿ ‘ಕಾಲ್ಕುಲಸ್’ ಎನ್ನುತ್ತಾರೆ. ನಮ್ಮ ಅಂಗಡಿಯ ಗಲ್ಲಾದ ಮೇಲೆ ಕೂತಿರುವ ಕ್ಯಾಲ್ಕುಲೇಟರಿನ ಹೆಸರಿನಲ್ಲಿ ಆ ಹರಳು ಇನ್ನೂ ಇದೆ. ಈ ಒಂದು ಮಾತನ್ನು ಹಿಡಿದರೆ ರೋಮನ್ ಅಂಕಿಯ ವಿಚಿತ್ರಗಳೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಮೊದಲಿಗೆ, ಅವು ಅಕ್ಷರಗಳೇ ಅಲ್ಲ. ಸಿ ಎಂದರೆ ‘ಕೆಂತುಂ’, ಎಂ ಎಂದರೆ ‘ಮಿಲ್ಲೆ’, ಆದ್ದರಿಂದ ನೂರು, ಸಾವಿರ ಎಂದು ಮಕ್ಕಳಿಗೆ ನೆನಪಿಡಲು ಹೇಳಿಕೊಡುತ್ತಾರೆ. ಹಾಗಾದರೆ ಐದಕ್ಕೆ ವಿ ಏಕೆ, ಐವತ್ತಕ್ಕೆ ಎಲ್ ಏಕೆ? ಲ್ಯಾಟಿನ್‌ನ ಐದು ‘ಕ್ವಿಂಕ್ವೆ’. ರೋಮನ್ನರಿಗಿಂತ ಮುಂಚೆ ಅದೇ ನೆಲದಲ್ಲಿದ್ದ ಎಟ್ರುಸ್ಕನ್ನರ ಅಂಕಿಗಳನ್ನು ನೋಡಿದರೆ ಗುಟ್ಟು ತಿಳಿಯುತ್ತದೆ. ಅವರಲ್ಲೂ ಒಂದಕ್ಕೆ ಗೀಟು, ಹತ್ತಕ್ಕೆ ಕತ್ತರಿ ಗುರುತು, ಐದಕ್ಕೆ ಆ ಕತ್ತರಿಯ ಅರ್ಧ, ಅದೂ ತಲೆಕೆಳಗಾಗಿ. ಹಳೆಯ ರೋಮನ್ ಬರಹದಲ್ಲಿ ಸಾವಿರಕ್ಕೆ ಎಂ ಇರಲಿಲ್ಲ; ನಡುವೆ ಗೀಟು, ಎರಡೂ ಕಡೆ ಕಮಾನು ಇರುವ ದುಂಡನೆಯ ಗುರುತಿತ್ತು. ಅದರ ಬಲಭಾಗವನ್ನಷ್ಟೇ ತೆಗೆದುಕೊಂಡರೆ ಡಿ, ಸಾವಿರದಲ್ಲಿ ಅರ್ಧ, ಐನೂರು. ಕೋಲಿನ ಮೇಲೆ ಕಚ್ಚು ಹಾಕಿ ಕುರಿ ಎಣಿಸುವವನು ಐದನೆಯ ಕಚ್ಚನ್ನೂ ಹತ್ತನೆಯದನ್ನೂ ಬೇರೆ ಥರ ಹಾಕುತ್ತಾನೆ, ಇಲ್ಲದಿದ್ದರೆ ಪ್ರತಿ ಸಲ ಮೊದಲಿನಿಂದ ಎಣಿಸಬೇಕಾಗುತ್ತದೆ. ಆ ಕಚ್ಚುಗಳೇ ಬೆಳೆದು ಅಂಕಿಗಳಾದವು ಎಂದು ಹಲವು ವಿದ್ವಾಂಸರು ವಾದಿಸುತ್ತಾರೆ. ಬರೆಯುವ ಕೈ ಅವನ್ನು ತನಗೆ ಗೊತ್ತಿದ್ದ ಅಕ್ಷರಗಳ ಆಕಾರಕ್ಕೆ ಎಳೆದುಕೊಂಡಿತು, ಕೆಂತುಂ ಮತ್ತು ಮಿಲ್ಲೆ ಆ ಎಳೆತಕ್ಕೆ ಕೈಜೋಡಿಸಿರಲೂಬಹುದು.

ಇನ್ನು ಮಣೆ. ದೊಡ್ಡ ಮೇಜುಗಳಲ್ಲದೆ ಅಂಗೈಯಲ್ಲಿ ಹಿಡಿಯುವಂಥ ಕಂಚಿನ ಲೆಕ್ಕದ ಹಲಗೆಗಳೂ ಇದ್ದವು. ರೋಮ್ ಮತ್ತು ಪ್ಯಾರಿಸ್‌ನ ಸಂಗ್ರಹಾಲಯಗಳಲ್ಲಿ ಒಂದೊಂದು ಉಳಿದಿದೆ. ಹಲಗೆಯಲ್ಲಿ ಉದ್ದುದ್ದ ಸೀಳುಗಳು, ಪ್ರತಿ ಸೀಳಿನಲ್ಲಿ ಜಾರುವ ನಾಲ್ಕು ಗುಂಡಿಗಳು. ಅದರ ನೇರಕ್ಕೆ ಮೇಲೆ ಒಂದು ಗಿಡ್ಡ ಸೀಳು, ಅದರಲ್ಲಿ ಒಂದೇ ಗುಂಡಿ. ಎರಡರ ನಡುವೆ ಬಿಡಿ, ಹತ್ತು, ನೂರು, ಸಾವಿರದಿಂದ ದಶಲಕ್ಷದವರೆಗೆ ಗುರುತು. ಕೆಳಗಿನ ಗುಂಡಿ ಒಂದೊಂದಕ್ಕೆ ಒಂದು, ಮೇಲಿನದಕ್ಕೆ ಐದು. ಈಗ 84 ಇಡಿ. ಹತ್ತರ ಸೀಳಿನಲ್ಲಿ ಮೇಲಿನ ಗುಂಡಿ ಒಂದು, ಕೆಳಗಿನವು ಮೂರು, ಬಿಡಿಯಲ್ಲಿ ನಾಲ್ಕು. ಕಂಡದ್ದನ್ನು ಕಂಡ ಹಾಗೆ ಬರೆದರೆ ಒಂದು ಎಲ್, ಮೂರು ಎಕ್ಸ್, ನಾಲ್ಕು ಐ. ಕೆಳಗೆ ನಾಲ್ಕೇ ಗುಂಡಿ ಏಕೆಂದರೆ ಐದನೆಯದು ಬೇಕಾದಾಗ ಮೇಲಿನದು ಇದೆ. ನಾಲ್ಕಕ್ಕೆ ನಾಲ್ಕು ಗೀಟು ಬರೆದ ರೋಮನ್ ಗುಮಾಸ್ತ ನಿಯಮ ಮುರಿಯುತ್ತಿರಲಿಲ್ಲ, ತನ್ನ ಹಲಗೆಯನ್ನು ನೋಡಿ ಬರೆಯುತ್ತಿದ್ದ. ಆ ಹಲಗೆಯ ಬಲಭಾಗದಲ್ಲಿ ಇನ್ನೊಂದು ಸೀಳಿದೆ, ಅದರಲ್ಲಿ ಕೆಳಗೆ ನಾಲ್ಕರ ಬದಲು ಐದು ಗುಂಡಿ, ಮೇಲೆ ಒಂದು. ಅದು ಭಿನ್ನರಾಶಿಗೆ. ರೋಮನ್ನರ ಪೂರ್ಣಾಂಕ ಹತ್ತರಲ್ಲಿ ನಡೆದರೆ ಭಿನ್ನ ಹನ್ನೆರಡರಲ್ಲಿ ನಡೆಯುತ್ತಿತ್ತು. ಹನ್ನೆರಡನೇ ಒಂದು ಭಾಗಕ್ಕೆ ‘ಉನ್ಕಿಯಾ’, ಅರ್ಧಕ್ಕೆ ‘ಸೆಮಿಸ್’, ಬರೆಯುವಾಗ ಬರೀ ಎಸ್. ಮೇಲೆ ಹೇಳಿದ ಕೇಲಿಯಸ್‌ನ ಶಿಲೆಯಲ್ಲಿ ವಯಸ್ಸು 53ರ ಮುಂದೆ ಇಂಥ ಒಂದು ಎಸ್ ಇದೆ: ಐವತ್ತಮೂರೂವರೆ. ಬೆಳ್ಳಿಯ ಚಿಲ್ಲರೆ ನಾಣ್ಯ ಸೆಸ್ಟರ್ಶಿಯಸ್ ಮೊದಲಿಗೆ ಎರಡೂವರೆ ‘ಆಸ್’ ನಾಣ್ಯದ ಬೆಲೆಯದ್ದಾದ್ದರಿಂದ ಅದರ ಗುರುತೂ ಎರಡು ಗೀಟು, ಒಂದು ಎಸ್. ಗೀಟುಗಳಿಗೆ ಅಡ್ಡಗೆರೆ ಬಿದ್ದು ಅದು ಎಚ್-ಎಸ್ ಆಯಿತು, ನಮ್ಮಲ್ಲಿ ರೂಪಾಯಿಗೆ ‘ರೂ’ ಎಂದ ಹಾಗೆ.

ಪೊಲ್ಲಾದ ಮೊತ್ತವನ್ನೇ ಈಗ ಕೂಡಿಸಿ ನೋಡೋಣ, 237 ಮತ್ತು 84. ಮೊದಲನೆಯದು ಎರಡು ಸಿ, ಮೂರು ಎಕ್ಸ್, ಒಂದು ವಿ, ಎರಡು ಐ. ಎರಡನೆಯದು ಒಂದು ಎಲ್, ಮೂರು ಎಕ್ಸ್, ನಾಲ್ಕು ಐ. ಎರಡನ್ನೂ ಒಂದೇ ಮೊರಕ್ಕೆ ಸುರಿಯಿರಿ. ಐಗಳು ಆರಾದವು, ಐದು ತೆಗೆದು ಒಂದು ವಿ ಮಾಡಿದರೆ ಉಳಿದದ್ದು ಒಂದು. ವಿಗಳು ಎರಡಾದವು, ಅವೆರಡೂ ಸೇರಿ ಒಂದು ಎಕ್ಸ್. ಎಕ್ಸ್‌ಗಳು ಏಳಾದವು, ಐದು ಸೇರಿ ಒಂದು ಎಲ್, ಉಳಿದದ್ದು ಎರಡು. ಎಲ್‌ಗಳು ಎರಡಾದವು, ಸೇರಿ ಒಂದು ಸಿ. ಒಟ್ಟು ಮೂರು ಸಿ, ಎರಡು ಎಕ್ಸ್, ಒಂದು ಐ. ಕಲ್ಲಿನ ಮೇಲೂ ಅಷ್ಟೇ ಇದೆ, 321. ಮಗ್ಗಿ ಬೇಕಾಗಲಿಲ್ಲ, ಏಳು ನಾಲ್ಕು ಹನ್ನೊಂದು, ಕೈಯಲ್ಲಿ ಒಂದು ಎನ್ನಬೇಕಾಗಲಿಲ್ಲ. ಐದು ಮತ್ತು ಎರಡು, ಐದು ಮತ್ತು ಎರಡು ಎಂದು ಎಣಿಸಲು ಬಂದರೆ ಸಾಕು. ರೋಮನ್ ಅಂಕಿಯನ್ನು ನಮ್ಮ ಅಂಕಿಗೆ ತರುವುದಕ್ಕೂ ಇದೇ ದಾರಿ ಸುಲಭ. ನಿಯಮ ಬಾಯಿಪಾಠ ಮಾಡುವ ಬದಲು ಗುರುತುಗಳನ್ನು ಹರಳಿನಂತೆ ಗುಂಪು ಮಾಡಿ, ಪ್ರತಿ ಗುಂಪಿನ ಬೆಲೆ ಹೇಳುತ್ತಾ ಹೋಗುವುದು. ಚಿಕ್ಕದು ದೊಡ್ಡದರ ಹಿಂದೆ ಕಂಡರೆ ಆ ಜೋಡಿಯನ್ನು ಮೊದಲು ಬಿಡಿಸಿ ಹರಳಾಗಿಸಿಕೊಳ್ಳುವುದು. ಎಂ-ಸಿ-ಎಂ-ಎಕ್ಸ್-ಎಲ್-ವಿ-ಐ-ಐ ಎಂದು ಹಳೆಯ ಪುಸ್ತಕದ ಮುಖಪುಟದಲ್ಲಿ ಕಂಡರೆ ಸಾವಿರ, ನೂರು ಕಮ್ಮಿ ಸಾವಿರ, ಹತ್ತು ಕಮ್ಮಿ ಐವತ್ತು, ಏಳು: 1947. ನಮ್ಮ ಅಂಕಿಯಿಂದ ಆ ಕಡೆಗೆ ಹೋಗುವಾಗ ಒಂದೊಂದು ಸ್ಥಾನವನ್ನೂ ಒಂದೊಂದು ಸೀಳು ಎಂದುಕೊಂಡರೆ ಆಯಿತು. ಸೊನ್ನೆ ಬಂದ ಕಡೆ ಸೀಳು ಖಾಲಿ, ಬರೆಯುವುದೇನೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಕೂಡುವುದು ಸರಿ, ಗುಣಿಸುವುದು? 23 ದಿನಾರಿಯಂತೆ 14 ಮಂದಿಗೆ ಸಂಬಳ ಎಂದುಕೊಳ್ಳಿ. ಹತ್ತು ಮಂದಿಗೆ ಎಷ್ಟೆಂದು ತಿಳಿಯಲು ಪ್ರತಿ ಹರಳನ್ನು ಒಂದು ಸೀಳು ಎಡಕ್ಕೆ ಸರಿಸಿದರೆ ಸಾಕು. ಎರಡು ಎಕ್ಸ್ ಎರಡು ಸಿ ಆದವು, ಮೂರು ಐ ಮೂರು ಎಕ್ಸ್ ಆದವು. 230. ಉಳಿದ ನಾಲ್ವರಿಗೆ 23ನ್ನು ಇಮ್ಮಡಿಸಿ, ಮತ್ತೆ ಇಮ್ಮಡಿಸಿ: 46, 92. ಎರಡನ್ನೂ ಸುರಿದರೆ 322. ಮಣೆಯ ಮೇಲೆ ಇದು ಅಭ್ಯಾಸವಿದ್ದವನಿಗೆ ಕ್ಷಣದ ಕೆಲಸ. ಇನ್ನೊಂದು ಆಕ್ಷೇಪ ಸೊನ್ನೆಯದು. ಅವರಿಗೆ ಸೊನ್ನೆಯ ಗುರುತಿರಲಿಲ್ಲ ಎಂಬುದು ನಿಜ. ಖಾಲಿ ಸೀಳು ಕಣ್ಣಿಗೆ ಕಾಣುವಾಗ ಗುರುತು ಯಾರಿಗೆ ಬೇಕಿತ್ತು? ಅದು ಬೇಕಾಗುವುದು ಸೀಳುಗಳಿಲ್ಲದ ಹಾಳೆಯ ಮೇಲೆ ಸ್ಥಾನ ಕಾಯ್ದುಕೊಳ್ಳಬೇಕಾದಾಗ. ‘ಏನೂ ಇಲ್ಲ’ ಎಂಬ ಉತ್ತರ ಬಂದಾಗ ಹೇಳಲು ಅವರಿಗೆ ಮಾತಿತ್ತು. 525ರಲ್ಲಿ ಈಸ್ಟರ್ ಹಬ್ಬದ ಪಟ್ಟಿ ಕಟ್ಟಿದ ಡಯೊನೀಸಿಯಸ್ ಎಕ್ಸಿಗುಅಸ್ ರೋಮನ್ ಅಂಕಿಗಳ ನಡುವೆ ‘ನುಲ್ಲಾ’ ಎಂದು ಬರೆದು ಮುಂದೆ ಹೋಗಿದ್ದಾನೆ.

ಸೊನ್ನೆಯ ವಿಷಯದಲ್ಲಿ ನಾವು ಎದೆಯುಬ್ಬಿಸುವ ಮುಂಚೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಒಮ್ಮೆ ಹೋಗಿಬರುವುದು ಒಳ್ಳೆಯದು. ಅಲ್ಲಿನ ಬಂಡೆಯ ಮೇಲಿರುವ ಅಶೋಕನ ಕಿರು ಶಾಸನದಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಬ್ರಾಹ್ಮಿಯಲ್ಲಿ ಅದು ಎರಡು, ಐದು, ಆರು ಎಂದಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಒಂದು, ಆರಕ್ಕೆ ಒಂದು. ಅದೇ ಸಂಖ್ಯೆಯನ್ನು ರೋಮಿನವನು ಬರೆದಿದ್ದರೆ ಎರಡು ಸಿ, ಒಂದು ಎಲ್, ಆಮೇಲೆ ವಿ-ಐ ಎಂದು ಅದೇ ಮೂರು ತುಂಡಾಗಿ ಬರೆಯುತ್ತಿದ್ದ. ಶಾತವಾಹನರ ನಾಣೇಘಾಟ್ ಶಾಸನದ ದಾನಗಳ ಪಟ್ಟಿಯೂ ಹೀಗೆಯೇ, ನೂರಕ್ಕೂ ಸಾವಿರಕ್ಕೂ ಬೇರೆ ಬೇರೆ ಗುರುತು. ಸ್ಥಾನಬೆಲೆ ನಮ್ಮಲ್ಲಿ ಬಂದದ್ದು ಆಮೇಲೆ. ಬಂದ ಮೇಲೂ ಕಲ್ಲಿನ ಮೇಲೆ ಅದು ತಾನಾಗಿ ರಾಜ್ಯ ಕಟ್ಟಲಿಲ್ಲ. 634ರ ಐಹೊಳೆಯ ಪ್ರಶಸ್ತಿಯಲ್ಲಿ ರವಿಕೀರ್ತಿ ಶಕವರ್ಷ 556ನ್ನು ಮಾತಿನಲ್ಲೇ ಹೇಳುತ್ತಾನೆ, ಅಂಕಿಯಲ್ಲಲ್ಲ. ಲೆಕ್ಕ ಮಾಡುವ ಅಂಕಿ ಬೇರೆ, ಸಾಕ್ಷಿ ನಿಲ್ಲುವ ಬರಹ ಬೇರೆ ಎಂಬ ವಿವೇಕ ಇಲ್ಲಿಯೂ ಇತ್ತು.

ಹಾಗಾದರೆ, ಮಣೆ ಅಷ್ಟು ಚೆನ್ನಾಗಿದ್ದರೆ ಯುರೋಪ್ ಅದನ್ನು ಬಿಟ್ಟದ್ದೇಕೆ? ನನ್ನ ವಾದಕ್ಕೆ ಇದೇ ಗಟ್ಟಿ ಆಕ್ಷೇಪ. ನಿಧಾನವಾಗಿ ನೋಡಬೇಕಾದದ್ದೂ ಇದನ್ನೇ, ಏಕೆಂದರೆ ಬಿಟ್ಟದ್ದು ಒಂದು ದಿನದಲ್ಲಲ್ಲ, ಐನೂರು ವರ್ಷದಲ್ಲಿ. ಸ್ಪೇನಿನ ಒಂದು ಮಠದ ಹಸ್ತಪ್ರತಿಯಲ್ಲಿ 976ರಲ್ಲೇ ಭಾರತದ ಒಂಬತ್ತು ಅಂಕಿಗಳು ಸೊನ್ನೆಯಿಲ್ಲದೆ ಕಾಣಿಸಿಕೊಂಡವು. ಮುಂದೆ ಪೋಪ್ ಆದ ಗೆರ್ಬೆರ್ ಅವನ್ನು ಬಿಲ್ಲೆಗಳ ಮೇಲೆ ಬರೆಸಿ ಮಣೆಯಲ್ಲಿ ಇಡಿಸಿದ. ಅಂಕಿ ಹೊಸದು, ಮಣೆ ಹಳೆಯದೇ. 1202ರಲ್ಲಿ ಪೀಸಾದ ಲಿಯೊನಾರ್ಡೊ, ಅಂದರೆ ಫಿಬೊನಾಚಿ, ಉತ್ತರ ಆಫ್ರಿಕಾದ ಬುಜಿಯಾ ಬಂದರಿನಲ್ಲಿ ಕಲಿತದ್ದನ್ನು ‘ಲಿಬೆರ್ ಅಬಾಚಿ’ಯಲ್ಲಿ ಬರೆದ. ನಮ್ಮ ನಾಡಿಗೂ ಪೀಸಾಕ್ಕೂ ಗಂಟುಹಾಕುವ ಆಸೆ ನನಗಿಲ್ಲ. ಆದರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಸೊನ್ನೆಯ ಕೂಡು-ಕಳೆಗಳನ್ನು ಹೇಳಿ ಆಗಲೇ ಮುನ್ನೂರೈವತ್ತು ವರ್ಷವಾಗಿತ್ತು, ಅದರ ಹಿಂದಿನ ಶತಮಾನದಲ್ಲಷ್ಟೇ ನಮ್ಮ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದಿದ್ದ ಎಂಬುದನ್ನು ಕಾಲದ ಅಂದಾಜಿಗೆ ಇಟ್ಟುಕೊಳ್ಳಬಹುದು. ಫಿಬೊನಾಚಿಯ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಪಟ್ಟಿಯಿದೆ. ಎಡಕ್ಕೆ ರೋಮನ್ ಅಂಕಿ, ಬಲಕ್ಕೆ ಅದೇ ಸಂಖ್ಯೆ ಭಾರತೀಯ ಅಂಕಿಯಲ್ಲಿ. 1234, 4321 ಮುಂತಾದವು. ಎಂ-ಸಿ-ಸಿ-ಎಕ್ಸ್-ಎಕ್ಸ್-ಎಕ್ಸ್-ಐ-ಐ-ಐ-ಐ ಎಂದು ಕಂಡರೆ ಅವನ ಓದುಗನಿಗೆ ತಟ್ಟನೆ ಅರ್ಥವಾಗುತ್ತಿತ್ತು, 1234 ಎಂಬುದು ಅವನಿಗೆ ಒಡಪು. ಇಂದು ನಮ್ಮ ಮಕ್ಕಳಿಗೆ ಅದೇ ಪಟ್ಟಿಯನ್ನು ಬಲದಿಂದ ಎಡಕ್ಕೆ ಓದಿಸುತ್ತಿದ್ದೇವೆ.

1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ, ಲೆಕ್ಕದ ಪುಸ್ತಕದಲ್ಲಿ ಮೊತ್ತವನ್ನು ಹೊಸ ಅಂಕಿಗಳಲ್ಲಿ ಬರೆಯಕೂಡದು, ಅಕ್ಷರದಲ್ಲಿ ಬಿಚ್ಚಿ ಬರೆಯಬೇಕು ಎಂದು ಕಟ್ಟಳೆ ಮಾಡಿತು. ಇದನ್ನು ಮೂಢರ ಹಟ ಎಂದು ನಗುವವರಿದ್ದಾರೆ. ಆ ಲೇವಾದೇವಿಗಾರರು ಇಟಲಿಯಲ್ಲೇ ಹೆಚ್ಚು ಚುರುಕಾದ ಲೆಕ್ಕದವರು; ಮೂಢರಾಗಿರಲು ಅವರಿಗೆ ಪುರುಸೊತ್ತಿರಲಿಲ್ಲ. 0ಗೆ ಬಾಲ ಎಳೆದರೆ 6 ಅಥವಾ 9, ಕೊನೆಗೆ ಒಂದು ಸೊನ್ನೆ ಸೇರಿಸಿದರೆ ಹತ್ತುಪಟ್ಟು ಸಾಲ. ಲೆಕ್ಕಕ್ಕೆ ಚೆಂದವಾದದ್ದು ಸಾಕ್ಷಿಗೆ ಅಪಾಯ. ಈ ಭಯವನ್ನು ನಾವೂ ಬಿಟ್ಟಿಲ್ಲ. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸುತ್ತಾರೆ. ಎರಡಕ್ಕೂ ತಾಳೆಯಾಗದಿದ್ದರೆ ಅಕ್ಷರದ ಮಾತೇ ಮಾತು ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಹೇಳುತ್ತದೆ. ಫ್ಲಾರೆನ್ಸಿನವರು ಅಲ್ಲಿಂದ ಎದ್ದುಬಂದರೆ ನಮ್ಮ ಚೆಕ್ ನೋಡಿ ಸಮಾಧಾನಪಡುತ್ತಾರೆ.

ಹಾಗೆಂದು ರೋಮನ್ ಅಂಕಿ ತಿದ್ದಲಾಗದ ಸಾಕ್ಷಿ ಎಂದೂ ಹೇಳಲಾಗದು. ಸಂಖ್ಯೆಯ ಮೇಲೆ ಒಂದು ಗೆರೆ ಎಳೆದರೆ ಸಾವಿರಪಟ್ಟು. ಮೇಲೊಂದು, ಎರಡು ಪಕ್ಕಕ್ಕೆ ಒಂದೊಂದು ಗೆರೆ ಎಳೆದು ಚೌಕಟ್ಟು ಹಾಕಿದರೆ ಲಕ್ಷಪಟ್ಟು. ಇದರಿಂದಾದ ಅನಾಹುತವನ್ನು ರೋಮನ್ ಚರಿತ್ರಕಾರ ಸುಯೆಟೋನಿಯಸ್ ಬರೆದಿದ್ದಾನೆ. ಅಗಸ್ಟಸ್‌ನ ಹೆಂಡತಿ ಲಿವಿಯಾ ತನ್ನ ಉಯಿಲಿನಲ್ಲಿ ಗಾಲ್ಬಾ ಎಂಬವನಿಗೆ 5 ಕೋಟಿ ಸೆಸ್ಟರ್ಶಿಯಸ್ ಬಿಟ್ಟಿದ್ದಳು. ಮೊತ್ತ ಅಕ್ಷರದಲ್ಲಿರಲಿಲ್ಲ, ಅಂಕಿಯಲ್ಲಿತ್ತು. ವಾರಸುದಾರನಾದ ಚಕ್ರವರ್ತಿ ತಿಬೇರಿಯಸ್ ಅದನ್ನು 5 ಲಕ್ಷ ಎಂದು ಓದಿದ. ಆಮೇಲೆ ಅದನ್ನೂ ಕೊಡಲಿಲ್ಲ. ಡಿಯ ಅಕ್ಕಪಕ್ಕದ ಎರಡು ಸಣ್ಣ ಗೆರೆಗಳನ್ನು ಕಾಣದಂತೆ ಕಣ್ಣು ಮುಚ್ಚಿಕೊಳ್ಳುವುದು ಚಕ್ರವರ್ತಿಗೆ ಕಷ್ಟವಾಗಲಿಲ್ಲ ಎಂದು ಊಹಿಸಬಹುದು. ಮಧ್ಯಯುಗದ ಗುಮಾಸ್ತರು ಎಂಟನ್ನು ಬರೆಯುವಾಗ ಕೊನೆಯ ಐಗೆ ಬಾಲ ಎಳೆದು ಜೆ ಮಾಡುತ್ತಿದ್ದದ್ದೂ ಇಂಥದ್ದೇ ಭಯಕ್ಕೆ ಮದ್ದಾಯಿತು. ಬಾಲ ಬಂತೆಂದರೆ ಅಲ್ಲಿಗೆ ಮುಗಿಯಿತು, ಮುಂದೆ ಇನ್ನೊಂದು ಗೀಟು ತುರುಕಲು ಜಾಗವಿಲ್ಲ.

ನಿಜವಾಗಿ ಮಣೆಯನ್ನು ಸೋಲಿಸಿದ್ದು ಕಾಗದ. ಮಣೆಯ ಲೆಕ್ಕಕ್ಕೆ ಒಂದು ಕೊರತೆಯಿತ್ತು. ಹರಳು ಸರಿದ ಮೇಲೆ ಹಾದಿ ಉಳಿಯುವುದಿಲ್ಲ. ಉತ್ತರ ಸಿಗುತ್ತದೆ, ತಪ್ಪಿದ್ದೆಲ್ಲಿ ಎಂದು ಹಿಂತಿರುಗಿ ನೋಡಲಾಗದು. ಭಾರತದ ಲೆಕ್ಕವೂ ಮೊದಲಿಗೆ ಹೀಗೆಯೇ ಇತ್ತೆಂಬುದನ್ನು ಮರೆಯಬಾರದು. ಹಲಗೆಯ ಮೇಲೆ ಧೂಳು ಹರಡಿ ಬೆರಳಲ್ಲಿ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರು. ಪಾಟೀಗಣಿತ ಎಂಬ ಹೆಸರು ಬಂದದ್ದೇ ಆ ಹಲಗೆಯಿಂದ. ಉತ್ತರ ಕರ್ನಾಟಕದಲ್ಲಿ ಸ್ಲೇಟಿಗೆ ಇಂದಿಗೂ ಪಾಟಿ ಎನ್ನುತ್ತಾರೆ. 952ರಲ್ಲಿ ಡಮಾಸ್ಕಸ್‌ನಲ್ಲಿ ಅಲ್ ಉಕ್ಲಿದಿಸಿ ಎಂಬ ಗಣಿತಜ್ಞ, ಧೂಳಿನ ಹಲಗೆ ಹಿಡಿದರೆ ಬೀದಿಬದಿಯ ಜೋಯಿಸರಂತೆ ಕಾಣುತ್ತೇವೆ, ಶಾಯಿ-ಕಾಗದದಲ್ಲಿ ಅಳಿಸದೆ ಮಾಡುವ ವಿಧಾನ ಬೇಕು ಎಂದು ವಾದಿಸಿದ. ಅಲ್ಲಿಂದ ಹೊಸ ಅಂಕಿಯ ನಿಜವಾದ ಬಲ ಶುರುವಾಯಿತು: ಲೆಕ್ಕ ಮಾಡುವುದೂ ಬರೆದಿಡುವುದೂ ಒಂದೇ ಕೆಲಸವಾಯಿತು. ಕಾಗದ ದುಬಾರಿಯಾಗಿದ್ದಷ್ಟು ದಿನ ಯುರೋಪಿಗೆ ಈ ಲಾಭ ದಕ್ಕಲಿಲ್ಲ. ಇಟಲಿಯ ಫಾಬ್ರಿಯಾನೋದಲ್ಲಿ ಕಾಗದದ ಗಿರಣಿಗಳು ಎದ್ದದ್ದು 13ನೇ ಶತಮಾನದಲ್ಲಿ. ವ್ಯಾಪಾರಿಗಳ ಮಕ್ಕಳಿಗೆ ಲೇಖನಿಯ ಲೆಕ್ಕ ಕಲಿಸುವ ಶಾಲೆಗಳು ಹಬ್ಬಿದ್ದು ಅದರ ಬೆನ್ನಿಗೇ.

ಆದರೂ ಹಳೆಯದು ಹಟ ಹಿಡಿಯಿತು. ಇಂಗ್ಲೆಂಡಿನ ಖಜಾನೆಯ ಮೇಜು 12ನೇ ಶತಮಾನದ ವರ್ಣನೆಯಂತೆ ಹತ್ತು ಅಡಿ ಉದ್ದ, ಐದು ಅಡಿ ಅಗಲ. ಅದರ ಮೇಲೆ ಚೌಕಳಿ ಗೆರೆಗಳ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಬಿಲ್ಲೆಗಳು. ಆ ಚೌಕಳಿಯಿಂದಲೇ ಖಜಾನೆಗೆ ಎಕ್ಸ್‌ಚೆಕರ್ ಎಂಬ ಹೆಸರು. ಹಣ ಕಟ್ಟಿದ್ದಕ್ಕೆ ರಸೀದಿಯಾಗಿ ಕಚ್ಚು ಹಾಕಿದ ಕೋಲನ್ನು ಸೀಳಿ ಅರ್ಧ ಕೊಡುತ್ತಿದ್ದರು. ಆ ಕೋಲುಗಳ ಪದ್ಧತಿ ನಿಂತದ್ದು 1826ರಲ್ಲಿ. ಉಳಿದ ರಾಶಿಯನ್ನು 1834ರಲ್ಲಿ ಒಲೆಗೆ ಹಾಕಿ ಸುಡಲು ಹೋಗಿ ಪಾರ್ಲಿಮೆಂಟ್ ಕಟ್ಟಡವನ್ನೇ ಸುಟ್ಟುಕೊಂಡರು. ಜರ್ಮನಿಯಲ್ಲಿ 1514ರಲ್ಲಿ ಯಾಕೋಬ್ ಕೋಬೆಲ್ ಬರೆದ ಲೆಕ್ಕದ ಪುಸ್ತಕ ಭಿನ್ನರಾಶಿಯನ್ನೂ ರೋಮನ್ ಅಂಕಿಯಲ್ಲೇ, ಗೆರೆಯ ಮೇಲೊಂದು ಕೆಳಗೊಂದು ಇಟ್ಟು ತೋರಿಸುತ್ತದೆ. ಅವನಿಗೆ ಅವು ರೋಮಿನವಲ್ಲ, ರೂಢಿಯ ಜರ್ಮನ್ ಅಂಕಿಗಳು. ಪರದೇಶದವು 1, 2, 3. ಎಂಟು ವರ್ಷದ ಬಳಿಕ ಆಡಂ ರೀಸ್ ಬರೆದ ಪುಸ್ತಕದ ಹೆಸರೇ ಎರಡು ದೋಣಿಯ ಕಾಲು: ಗೆರೆಗಳ ಮೇಲಿನ ಲೆಕ್ಕ, ಲೇಖನಿಯ ಲೆಕ್ಕ. ಗ್ರೆಗೋರ್ ರೈಶ್‌ನ ವಿಶ್ವಕೋಶದ ಮರದಚ್ಚಿನ ಚಿತ್ರವೊಂದರಲ್ಲಿ ಅಂಕಗಣಿತ ದೇವಿಯ ಒಂದು ಪಕ್ಕ ಪೈಥಾಗೊರಸ್ ಬಿಲ್ಲೆಗಳ ಮುಂದೆ ಮುಖ ಇಳಿಬಿಟ್ಟು ಕೂತಿದ್ದಾನೆ, ಇನ್ನೊಂದು ಪಕ್ಕ ಬೊಯೆಥಿಯಸ್ ಹೊಸ ಅಂಕಿಗಳಲ್ಲಿ ಬರೆಯುತ್ತ ಖುಷಿಯಾಗಿದ್ದಾನೆ. ದೇವಿ ನೋಡುತ್ತಿರುವುದು ಬೊಯೆಥಿಯಸ್ ಕಡೆಗೆ. ಭಾರತದ ಅಂಕಿಯನ್ನು ಗೆಲ್ಲಿಸಲು ಅದನ್ನು 6ನೇ ಶತಮಾನದ ಒಬ್ಬ ರೋಮನ್ನನ ಕೈಗೆ ಕೊಡಬೇಕಾಯಿತು ಎಂಬುದು ಆ ಚಿತ್ರದಲ್ಲಿ ನನಗೆ ಹೆಚ್ಚು ಇಷ್ಟವಾಗುವ ತಪ್ಪು.

ರೋಮನ್ ಅಂಕಿಯ ಪರ ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದದ್ದನ್ನೂ ಒಪ್ಪಬೇಕು. ದೊಡ್ಡ ಸಂಖ್ಯೆಗಳಲ್ಲಿ ಅದು ಉಸಿರುಕಟ್ಟುತ್ತದೆ. ಕ್ರಿಸ್ತಪೂರ್ವ 260ರಲ್ಲಿ ಮೈಲೇ ಬಳಿ ಕಾರ್ಥೇಜಿನ ನೌಕಾಪಡೆಯನ್ನು ಸೋಲಿಸಿದ ಡ್ಯುಲಿಯಸ್‌ನ ವಿಜಯಸ್ತಂಭದ ಬರಹದಲ್ಲಿ ಲಕ್ಷದ ಗುರುತನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಒಂದರ ಪಕ್ಕ ಒಂದು ಕೆತ್ತಿದ್ದಾರೆ. ಹಳಬರಿಗೆ ಲಕ್ಷದಿಂದಾಚೆ ಸಂಖ್ಯೆಯೇ ಇರಲಿಲ್ಲ ಎಂದು ಪ್ಲಿನಿ ಹೇಳುತ್ತಾನೆ. ಗ್ರಹಗಳ ಚಲನೆ ಲೆಕ್ಕ ಹಾಕಲು ರೋಮ್ ಸಾಮ್ರಾಜ್ಯದಲ್ಲೇ ಬದುಕಿದ್ದ ಟಾಲೆಮಿ ರೋಮನ್ ಅಂಕಿಯನ್ನು ಮುಟ್ಟಲಿಲ್ಲ, ಬ್ಯಾಬಿಲೋನಿನ ಅರವತ್ತರ ಪದ್ಧತಿಯನ್ನು ಗ್ರೀಕ್ ಅಕ್ಷರಗಳಲ್ಲಿ ಬಳಸಿದ. ಬೀಜಗಣಿತವಂತೂ ಹರಳು ಸರಿಸಿ ಮಾಡುವ ಕೆಲಸವಲ್ಲ. ಸಂತೆಗೂ ಸೇನೆಗೂ ಸಾಕಾದದ್ದು ಆಕಾಶಕ್ಕೆ ಸಾಲಲಿಲ್ಲ.

ಇಂದು ರೋಮನ್ ಅಂಕಿ ಉಳಿದಿರುವ ಜಾಗಗಳನ್ನು ನೋಡಿದರೆ ಅಲ್ಲೆಲ್ಲೂ ಲೆಕ್ಕ ಮಾಡುವ ಗೋಜಿಲ್ಲ: ಪುಸ್ತಕದ ಮುನ್ನುಡಿಯ ಪುಟ, ರಾಜರ ಹೆಸರಿನ ಬಾಲ, ಗಡಿಯಾರದ ಮುಖ. ನಮ್ಮ ಸಂವಿಧಾನದ ಇಂಗ್ಲಿಷ್ ಪ್ರತಿಯಲ್ಲಿ ಅನುಚ್ಛೇದಗಳಿಗೆ 1, 2, 3; ಭಾಗಗಳಿಗೆ ಮಾತ್ರ ರೋಮನ್. 1976ರಲ್ಲಿ ಮೂಲಭೂತ ಕರ್ತವ್ಯಗಳನ್ನು ಸೇರಿಸಿದಾಗ ಆ ಹೊಸ ಭಾಗ ಐ-ವಿ-ಎ ಆಯಿತು, ನಾಲ್ಕರ ಪಕ್ಕ ಒಂದು ಎ. ರೋಮನ್ ಅಂಕಿಯನ್ನು ಬರೀ ಹೆಸರಿನ ಹಾಗೆ ಬಳಸುತ್ತಿದ್ದೇವೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಗಡಿಯಾರಗಳ ಮುಖದಲ್ಲಿ ನಾಲ್ಕಕ್ಕೆ ನಾಲ್ಕು ಗೀಟು ಇರುವುದು ಯಾವನೋ ರಾಜನ ಹಟದಿಂದ ಎಂಬ ಕಥೆ ಊರೂರಲ್ಲಿ ಓಡಾಡುತ್ತದೆ. ರಾಜರಿಗೆ ಅಷ್ಟು ಶ್ರಮ ಕೊಡಬೇಕಾಗಿಲ್ಲ, ಅದು ಹಲಗೆಯ ಕಾಲದ ಹಳೆಯ ರೂಢಿ ಅಷ್ಟೆ. ಮೈಸೂರಿನವರು ಈ ತಂಟೆಯಿಂದ ಪಾರಾದರು, 1927ರ ದೊಡ್ಡ ಗಡಿಯಾರದ ಮೇಲೆ ಕನ್ನಡ ಅಂಕಿ ಹಾಕಿಸಿಕೊಂಡು. ಲಂಡನ್ನಿನ ಅಡ್ಮಿರಾಲ್ಟಿ ಕಮಾನಿನ ನೆತ್ತಿಯಲ್ಲಿ 1910 ಎಂಬ ಇಸವಿಯನ್ನು ದೊಡ್ಡ ಅಕ್ಷರಗಳಲ್ಲಿ ಕೆತ್ತಿದ್ದಾರೆ. ಶಾಲೆಯ ನಿಯಮದಂತೆ ಎಂ-ಸಿ-ಎಂ-ಎಕ್ಸ್ ಎಂದು ನಾಲ್ಕೇ ಗುರುತಿನಲ್ಲಿ ಮುಗಿಸಬಹುದಿತ್ತು. ಅಲ್ಲಿರುವುದು ಎಂ, ಡಿ, ಆಮೇಲೆ ಪೊಲ್ಲಾದ ಗುಲಾಮರ ಲೆಕ್ಕದಲ್ಲಿದ್ದ ಹಾಗೆಯೇ ಸಾಲಾಗಿ ನಾಲ್ಕು ಸಿ, ಕೊನೆಗೊಂದು ಎಕ್ಸ್.